ನಾಯಕನ ಋಣ

ಕರ್ಮಕುಶಲನಾದವನನ್ನು ಇತರ ಕರ್ಮಿಗಳ ಮೇಲೆ ಅಧಿಪತಿಯನ್ನಾಗಿ ನಿಯಮಿಸುವುದು ಲೋಕದ ವಾಡಿಕೆ. ಚೆನ್ನಾಗಿ ಕೆತ್ತಬಲ್ಲವನೇ ಚೆನ್ನಾಗಿ ಕೆತ್ತಿಸಬಲ್ಲನೆಂಬ ಎಣಿಕೆಯು ಇದಕ್ಕೆ ಮೂಲ. ಈ ಎಣಿಕೆಯು ಎಷ್ಟರಮಟ್ಟಿಗೆ ಯುಕ್ತ? ಹಾಗೆ ನಿಯಮಿತನಾದವನು ಯಾರಿಗೆ ಋಣಿ? ಸಾಫ್ಟ್‌ವೇರ್ ಎಂಜಿನಿಯರುಗಳ ವೃತ್ತಿಯಲ್ಲಿ ಈ ಪ್ರಶ್ನೆಯು ಸ್ಫುಟವಾಗಿ ಕಾಣುವುದು. ಆ ವೃತ್ತಿಯನ್ನು ಅವಲಂಬಿಸಿದ ಮಕ್ಕಳುಳ್ಳ ಮನೆಗಳು ಕನ್ನಡನಾಡಿನಲ್ಲಿ ಈಗ ವಿರಳವಲ್ಲವಾದುದರಿಂದ ಇದು ಗೃಹಸ್ಥರಿಗೂ ವಿಚಾರಾರ್ಹವೇ ಸರಿ.

ಸ್ಥಾಲೀಪುಲಾಕ ನ್ಯಾಯದಿಂದ ಒಂದು ದೃಷ್ಟಾಂತವು ಸಾಕು. ಅಮೇರಿಕಾದ ಐ.ಬಿ.ಎಂ. ಸಂಸ್ಥೆಯು 1964ರಲ್ಲಿ ಸಿಸ್ಟಂ/360 ಎಂಬ ಕಂಪ್ಯೂಟರುಗಳನ್ನು ಪ್ರಕಟಿಸಿತು. ಅವುಗಳನ್ನು ನಡೆಯಿಸುವ ತಂತ್ರಾಂಶದ ರಚನೆಗೆ ಫ್ರೆಡರಿಕ್ ಬ್ರೂಕ್ಸ್ ಮಹಾಶಯರು ಮುಖ್ಯಸ್ಥರಾಗಿದ್ದರು. ತಂತ್ರಾಂಶದ ಲಕ್ಷಣಗ್ರಂಥವನ್ನು ಬರೆಯತಕ್ಕವರು ಯಾರೆಂಬ ಚರ್ಚೆ ಹುಟ್ಟಿತು. ವಿನ್ಯಾಸದಲ್ಲಿ ನುರಿತ 10 ಮಂದಿಯ ಪರವಾಗಿ, ಗೊತ್ತಾದ ಅವಧಿಗಿಂತ 3 ತಿಂಗಳು ಹೆಚ್ಚಾಗಿ, 10 ತಿಂಗಳು ಬೇಕೆಂದು ಅವರ ಮುಖ್ಯಸ್ಥನು ಹೇಳಿದನು. ರಚನೆಗೆಂದು ಸಿದ್ಧರಾಗಿದ್ದ 150 ಮಂದಿಯ ಮುಖ್ಯಸ್ಥನು ತನ್ನವರೇ ಅವಧಿಯೊಳಗೆ ಬರೆಯುವರೆಂದನು. ಇಲ್ಲವಾದರೆ ಅವರೆಲ್ಲರೂ 10 ತಿಂಗಳು ಕೈಕಟ್ಟಿ ಕುಳಿತಿರಬೇಕಾಗುವುದೆಂದನು. ಬ್ರೂಕ್ಸರು 150 ಮಂದಿಗೇ ಒಪ್ಪಿಸಿದರು. ಗ್ರಂಥವು ತಡವಾಯಿತು, ಏಕಸೂತ್ರತೆಯೂ ಕೆಟ್ಟಿತು. ದೋಷಪರಿಹಾರಕ್ಕೆ ಒಂದು ವರ್ಷ ಹೆಚ್ಚಾಗಿ ಹಿಡಿಯಿತೆಂದು ಅವರೇ ಅಂದಾಜುಮಾಡಿದರು.

ಇಲ್ಲಿ ಕೆಡಿಸಿದುದು ಅಜ್ಞಾನವಲ್ಲ. ಕುಳಿತಿರುವ ಜನರು ಕಣ್ಣಿಗೆ ಕಾಣುತ್ತಾರೆ; ಮುಂದೆ ಬರತಕ್ಕ ಗೊಂದಲವು ಕಾಣುವುದಿಲ್ಲ. ಕಾಣುವ ಅಪವಾದಕ್ಕೆ ಅಂಜಿ ಕಾಣದ ಅನರ್ಥವನ್ನು ಬರಮಾಡಿಕೊಳ್ಳುವುದು ನಾಯಕರಿಗೆ ಸಹಜವಾದ ಪ್ರಲೋಭನೆ.

ತಡವಾದ ಕೆಲಸಕ್ಕೆ ಜನರನ್ನು ಕೂಡಿಸಿದರೆ ಅದು ಮತ್ತಷ್ಟು ತಡವಾಗುವುದೆಂದು ಬ್ರೂಕ್ಸರು 1975ರ ತಮ್ಮ ಗ್ರಂಥದಲ್ಲಿ ನಿರೂಪಿಸಿದರು. ಕೊಯ್ಲಿಗೆ ಆಳು ಹೆಚ್ಚಿದಷ್ಟೂ ಲಾಭ. ಭಾಷ್ಯವೊಂದನ್ನು ಬರೆಯುವುದಕ್ಕೆ ಹಾಗಲ್ಲ. ಹೊಸಬರಿಗೆ ಹಳಬರೇ ಪಾಠ ಹೇಳಬೇಕು. ಇದಲ್ಲದೆ, 5 ಮಂದಿಯಲ್ಲಿ ಪರಸ್ಪರ ಮಾತಿನ ಜೋಡಿಗಳು 10. 10 ಮಂದಿಯಲ್ಲಿ 45.

ಅವಧಿಯನ್ನು ಗೊತ್ತುಮಾಡುವವನು ಒಡೆಯನು, ನಾಯಕನು ಆಜ್ಞಾಧಾರಕನು, ಆದುದರಿಂದ ಅವನಿಗೆ ದೋಷವಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಇದು ಸಾಧುವಲ್ಲ. ಕೆಳಗಿನವರ ಕಷ್ಟವನ್ನೂ ಮೇಲಿನವರ ಅಪೇಕ್ಷೆಯನ್ನೂ ಒಟ್ಟಿಗೆ ಬಲ್ಲವನು ಅವನೊಬ್ಬನೇ. ಅಸಾಧ್ಯವೆಂದು ತಿಳಿದೂ ಒಪ್ಪಿಕೊಂಡರೆ ಆ ಒಪ್ಪಿಗೆಯ ಬೆಲೆಯನ್ನು ತೆರುವವರು ರಾತ್ರಿಯ ನಿದ್ದೆಗೆಟ್ಟು ದುಡಿಯುವ ಕಿರಿಯರು. ಅಪ್ರಿಯವಾದ ಸತ್ಯವನ್ನು ಸಕಾಲದಲ್ಲಿ ಮೇಲಕ್ಕೆ ಮುಟ್ಟಿಸುವುದೇ ಅವನು ತೀರಿಸಬೇಕಾದ ಋಣ.

ಇನ್ನು, ಈ ಋಣವನ್ನು ಹೊರಲು ಎಲ್ಲರೂ ಬದ್ಧರೇ? ಅಲ್ಲ. ಪದವಿಯೇರಿದವನಿಗೆ ಸಭೆಗಳೇ ಕೆಲಸವಾಗಿ, ಕೈಯ ಅಭ್ಯಾಸವು ಕ್ರಮೇಣ ತಪ್ಪುತ್ತದೆ. ಕೆಲವರ ಸ್ವಭಾವಕ್ಕೆ ಅದು ಒಗ್ಗದು. ಇಂತಹವರಿಗಾಗಿ ಅಧಿಕಾರದ ಏಣಿಯ ಪಕ್ಕದಲ್ಲಿ ವಿದ್ಯೆಯ ಏಣಿಯೊಂದಿರಬೇಕು. ಆದರೆ ಎರಡಕ್ಕೂ ವೇತನವನ್ನು ಸಮಮಾಡುವುದು ಸುಲಭ, ಗೌರವವನ್ನು ಸಮಮಾಡುವುದು ಕಷ್ಟವೆಂದು ಬ್ರೂಕ್ಸರೇ ಕಂಡಿದ್ದರು. ಆ ಗೌರವದ ವೈಷಮ್ಯವು ಕಚೇರಿಯಲ್ಲಿ ಮಾತ್ರ ಹುಟ್ಟತಕ್ಕದ್ದಲ್ಲ. "ಇನ್ನೂ ಮ್ಯಾನೇಜರ್ ಆಗಲಿಲ್ಲವೇ?" ಎಂದು ಮಗನನ್ನು ಕೇಳುವ ಮನೆಯೂ ಅದಕ್ಕೆ ನೀರೆರೆಯುತ್ತದೆ. ನಾಯಕತ್ವವನ್ನು ಬಹುಮಾನವೆಂದೆಣಿಸುವಲ್ಲಿ ಅದನ್ನು ಬಯಸುವವರು ಬಹಳ; ಋಣವೆಂದೆಣಿಸುವಲ್ಲಿ ಯೋಗ್ಯರು ಮಾತ್ರ ಅದನ್ನು ಕೈಕೊಳ್ಳುವರು.