ಇಚ್ಛಾಪರಿಮಾಣವೂ ಹಳೆಯ ಬೆಳ್ಳಿಯೂ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಮನೆಗಳಲ್ಲಿ ಜಾಜಿಕಾಯಿಯನ್ನು ತೇಯುವುದು ಕಲ್ಲಿನ ಮೇಲೆ. ಹಸುಗೂಸಿಗೆ ನಾಲ್ಕು ಸುತ್ತು ತೇಯ್ದು ನೆಕ್ಕಿಸಿದರೆ ಕೆಲಸ ಮುಗಿಯಿತು. ಕಲ್ಲು ಮತ್ತೆ ಗೂಡು ಸೇರುತ್ತದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಸಿರಿವಂತರಾದರೋ ಇದೇ ಜಾಜಿಕಾಯಿಗಾಗಿ ಬೆಳ್ಳಿಯ ಪುಟ್ಟ ತುರಿಯುವ ಡಬ್ಬಿಗಳನ್ನು ಮಾಡಿಸಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಪಂಚ್ ಎಂಬ ಮದ್ಯದ ಮೇಲೆ ಉದುರಿಸಿಕೊಳ್ಳುವುದಕ್ಕೆ. ಅದರ ಜೊತೆಯ ವಸ್ತು ಸೀಸೆಯ ಬಿರಡೆ ಕೀಳುವ ತಿರುಪು. 1795ರಲ್ಲಿ ಅದರ ಒಂದು ಬಗೆಗೆ ಪೇಟೆಂಟ್ ಪಡೆದವನು ಸ್ಯಾಮ್ಯುಯೆಲ್ ಹೆನ್‌ಶಲ್ ಎಂಬ ಪಾದ್ರಿ! 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ನಂದಿಬೆಟ್ಟದ ಮೇಲೆ ಬೇಸಿಗೆಯನ್ನು ಕಳೆಯುತ್ತಿದ್ದ ಕಾಲದ ಆಂಗ್ಲರ ಊಟದ ಮೇಜಿಗೆ ಸಲ್ಲುವ ಸಾಮಾನುಗಳಿವು. ಈಗ ಹಳೆಯ ಬೆಳ್ಳಿಯ ಸಂಗ್ರಾಹಕರು ಇವನ್ನು ಅರಸಿ ಕೊಳ್ಳುತ್ತಾರೆ.

ಪರಿಗ್ರಹಪರಿಮಾಣ ವ್ರತವನ್ನು ಹಿಡಿದ ಶ್ರಾವಕನೊಬ್ಬನು ಇಂಥ ಸಂಗ್ರಹಕ್ಕೆ ಕೈಹಾಕಿದನೆನ್ನೋಣ. ಅವನ ಸಮರ್ಥನೆ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಅವನು ಮದ್ಯವನ್ನು ಮುಟ್ಟಿದವನಲ್ಲ. ವ್ರತ ಸ್ವೀಕರಿಸುವಾಗ ಬೆಳ್ಳಿ ಎರಡು ಕಿಲೋ ಎಂದು ಮಿತಿ ಇಟ್ಟಿದ್ದಾನೆ. ತಿರುಪಿನ ಸುರುಳಿ ಉಕ್ಕಿನದು, ಬೆಳ್ಳಿ ಹಿಡಿಗೆ ಮಾತ್ರ; ಹತ್ತು ಕೂಡಿದರೂ ಮಿತಿ ಮೀರದು. ತಕ್ಕಡಿಯ ಮುಂದೆ ಅವನು ನಿರ್ದೋಷಿ.

ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಣುವ್ರತಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಕೊಟ್ಟಿದ್ದಾರೆ. ಅವರು ಎಣಿಸುವ ಐದು ಅತಿಚಾರಗಳಲ್ಲಿ ಅತಿಸಂಗ್ರಹಕ್ಕೂ ಲೋಭಕ್ಕೂ ನಡುವೆ ವಿಸ್ಮಯವು ನಿಂತಿದೆ. ಪರರ ಲಾಭವೈಭವಗಳನ್ನು ಕಂಡು ಬೆರಗಾಗುವುದು. ಸಂಗ್ರಾಹಕನ ಬದುಕೆಲ್ಲ ಈ ವಿಸ್ಮಯದ ಮೇಲೆಯೇ ನಿಂತದ್ದು. ಬರ್ಮಿಂಗ್‌ಹ್ಯಾಮಿನ ಲಂಗರು ಮುದ್ರೆಯ ಡಬ್ಬಿ ದೊರೆತರೆ ಲಂಡನ್ನಿನದು ಬೇಕು. ಅದೂ ದೊರೆತರೆ ಇನ್ನೊಬ್ಬನ ಕಪಾಟಿನಲ್ಲಿರುವುದು ಬೇಕು. ಇದ್ದ ಹತ್ತರ ತೂಕವನ್ನು ತಕ್ಕಡಿ ಹೇಳೀತು. ಇಲ್ಲದ ಆ ಒಂದರ ತೂಕವನ್ನು ಹೇಳದು. ಚತುರ್ದಶಿಯ ಉಪವಾಸದಂದು ಅವನ ಚಿತ್ತವು ಬೆಂಗಳೂರಿನ ವ್ಯಾಪಾರಿಯ ಚೀಲದಲ್ಲಿದ್ದರೆ ಬರಿದಾದದ್ದು ಹೊಟ್ಟೆ ಮಾತ್ರ.

ಮೂರ್ಛೆಯೇ ಪರಿಗ್ರಹವೆಂಬುದು ಉಮಾಸ್ವಾಮಿಗಳ ಮತ. ಹಾಗಾದರೆ ಮೂರ್ಛೆಯಿಲ್ಲದೆ ವಸ್ತುವನ್ನು ಇಟ್ಟುಕೊಳ್ಳಬಹುದಲ್ಲವೇ ಎಂದು ಅವನು ಕೇಳಬಹುದು. ತಾತ್ತ್ವಿಕವಾಗಿ ಸಾಧ್ಯ. ಎಲ್ಲ ಸಂಗ್ರಾಹಕರಿಗೂ ಮೊದಲು ಕೈಗೆಟುಕುವ ನೆಪವೂ ಅದೇ. ಕೊಳ್ಳಬೇಕೆಂದಿದ್ದ ಡಬ್ಬಿಯನ್ನು ಪಕ್ಕದ ಬೀದಿಯವನು ಕೊಂಡ ರಾತ್ರಿ ನಿದ್ರೆ ಬಂದಿತೇ ಎಂಬುದನ್ನು ಅವನೇ ಬಲ್ಲನು.

ತಿರುಪಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಸಮಂತಭದ್ರರು ಹೇಳುವ ಮೂಲಗುಣಗಳಲ್ಲಿ ಮದ್ಯತ್ಯಾಗವು ಸೇರಿದೆ. ಗಾಜಿನ ಕಪಾಟಿನ ಮುಂದೆ ನಿಂತ ಮೊಮ್ಮಗನು, "ಇದೇನು ತಾತ?" ಎಂದರೆ ಬೆಳ್ಳಿಯ ಕುಸುರಿಯನ್ನು ಹೇಳಿ ಮುಗಿಸಲಾಗದು, ಸೀಸೆಯನ್ನೂ ಹೇಳಬೇಕಾದೀತು.

ಅಂಥವನಿಗೆ ಎಲ್ಲವನ್ನೂ ಒಮ್ಮೆಗೇ ಬಿಡೆಂದರೆ ಆಗದು. ಯಮವು ಜೀವನಪರ್ಯಂತ, ನಿಯಮವು ಕಾಲಮಿತಿಗೆ. ಚಾತುರ್ಮಾಸದ ನಾಲ್ಕು ತಿಂಗಳು ಕೊಳ್ಳುವುದೂ ಇಲ್ಲ, ಬೆಲೆ ವಿಚಾರಿಸುವುದೂ ಇಲ್ಲವೆಂದು ಅವನು ನಿಯಮ ಹಿಡಿಯಲಿ. ಎರಡನೆಯದು ಕಷ್ಟ. ಮೊದಲನೆಯದಕ್ಕೆ ಕೈ ಕಟ್ಟಿದರೆ ಸಾಕು.