ಹವಳಕ್ಕೆ ಉಣಿಸುವುದು ಹಿಂಸೆಯೆ?

ಜೈನ ಆಗಮವಾದ ಉತ್ತರಾಧ್ಯಯನ ಸೂತ್ರ ಹವಳವನ್ನು ಪೃಥ್ವೀಕಾಯಗಳ ಸಾಲಿನಲ್ಲಿ ಇರಿಸುತ್ತದೆ: ಹರಿತಾಳ, ಅಭ್ರಕಗಳಂತೆ ಮಣ್ಣೇ ಮೈಯಾದ, ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವ. ಸರದ ಹವಳವನ್ನಷ್ಟೇ ಕಂಡವರಿಗೆ ಇದು ಸಹಜವೆನಿಸೀತು. ಆದರೆ ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಬೆಳೆಯುವ ಹವಳ ಬೇಟೆಯಾಡುವ ಪ್ರಾಣಿ. ಅದರ ಮೈಯೊಳಗಿನ ಪಾಚಿಕೋಶಗಳು ಬೆಳಕಿನಿಂದ ಸಕ್ಕರೆ ತಯಾರಿಸಿ ಹೆಚ್ಚಿನ ಶಕ್ತಿ ಒದಗಿಸುತ್ತವೆ. ಸಾರಜನಕ, ರಂಜಕಗಳಿಗೆ ಅದು ಬೇಟೆಯನ್ನೂ ನೆಚ್ಚುತ್ತದೆ. ದೀಪ ಆರಿದ ಮೇಲೆ ಪಾಲಿಪ್‌ಗಳು ಅರಳಿ ಕುಟುಕುಕೋಶಗಳಿಂದ ಸೂಕ್ಷ್ಮಜೀವಿಗಳನ್ನು ಹಿಡಿಯುತ್ತವೆ. ಸಾಕುವವರು ಪಂಪ್ ನಿಲ್ಲಿಸಿ, ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯ ಎಂಬ ಕಿರುಸಿಗಡಿಯ ಮರಿಗಳನ್ನು ಪಿಪೆಟ್‌ನಿಂದ ಬಿಡುವುದು ಇಂಥ ಹೊತ್ತಿನಲ್ಲೇ.

ಕಡಲಿನಲ್ಲಿ ಹವಳ ತಾನೇ ಬೇಟೆಯಾಡಿ ಉಂಡರೆ ಆ ಪಾಪ ಮನುಷ್ಯರಾರಿಗೂ ಅಂಟದು. ಆದರೆ ತೊಟ್ಟಿಯಲ್ಲಿ ಉಣಿಸುವ ಕೈಯೊಂದಿದೆ. ಉಮಾಸ್ವಾತಿಯ ತತ್ತ್ವಾರ್ಥ ಸೂತ್ರದ ಪ್ರಕಾರ ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣ ಕಳೆಯುವುದೇ ಹಿಂಸೆ. ಇಲ್ಲಂತೂ ಮರಿಗಳನ್ನು ಮೊಟ್ಟೆಯೊಡೆಸುವುದೇ ಕೊಲ್ಲಲು. ಹಾಗೆಂದು ಉಣಿಸದಿದ್ದರೆ? ಅದೇ ಗ್ರಂಥ ಗೃಹಸ್ಥರ ಅಹಿಂಸಾಣುವ್ರತದ 5 ಅತಿಚಾರಗಳಲ್ಲಿ (ವ್ರತಕ್ಕೆ ತರುವ ಲೋಪಗಳಲ್ಲಿ) ಅನ್ನಪಾನ ನಿರೋಧವನ್ನೂ ಎಣಿಸುತ್ತದೆ. ಪಾಚಿಯಿಲ್ಲದ ಟ್ಯೂಬಾಸ್ಟ್ರಿಯ ಹವಳ ಉಣಿಸದಿದ್ದರೆ ಹಸಿದು ಸಾಯುತ್ತದೆ. ಪಾಚಿಯುಳ್ಳ ಅನೇಕ ಹವಳಗಳು ಬೆಳಕು ಮತ್ತು ಮೀನಿನ ತ್ಯಾಜ್ಯದಲ್ಲೇ ಬದುಕಬಲ್ಲವು. ವ್ರತಸ್ಥನಿಗೆ ಅಲ್ಲೊಂದು ಕಿರುದಾರಿಯಿದೆ.

ಆದರೆ ಅತಿಚಾರಗಳ ಪಟ್ಟಿ ಶುರುವಾಗುವುದು ಬಂಧದಿಂದ, ಅಂದರೆ ಕಟ್ಟಿಹಾಕುವುದರಿಂದ. ಹಾಗೆ ನೋಡಿದರೆ ತಪ್ಪು ಪಿಪೆಟ್‌ನದಲ್ಲ, ಹವಳವನ್ನು ಮನೆಗೆ ತಂದ ದಿನದ್ದು. ಭಾರತದಲ್ಲಿ ಈ ವಿಷಯದಲ್ಲಿ ಕಾನೂನೂ ಮೌನವಾಗಿಲ್ಲ: ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು.