ತಪ್ಪು ಹುಡುಕುವ ಕೆಲಸ ತಪ್ಪೇ?



ನವುಲೆಯ ಜೆ.ಎನ್.ಎನ್. ಇಂಜಿನಿಯರಿಂಗ್ ಕಾಲೇಜು 1980ರಲ್ಲಿ ಆರಂಭವಾಯಿತು. ಅಂದಿನಿಂದ ಶಿವಮೊಗ್ಗ, ಭದ್ರಾವತಿಗಳ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಓದಿ ಬೆಂಗಳೂರಿನ ದಾರಿ ಹಿಡಿದಿದ್ದಾರೆ. ಹಾಗೆ ಓದಿದ ನಿಮ್ಮ ಮಗಳು, "ಅಮ್ಮಾ, ನಾನು ಬ್ಯಾಂಕುಗಳ ಕಂಪ್ಯೂಟರ್ ವ್ಯವಸ್ಥೆಯ ಆಡಿಟ್ ಕೆಲಸಕ್ಕೆ ಸೇರುತ್ತೇನೆ" ಎಂದರೆ ಏನನ್ನುವಿರಿ? ಪರರಿಗೆ ತೀರ್ಪು ನೀಡಬಾರದೆಂದು ಕಲಿಸಿದ ಮನೆಯ ಮಗಳು, ದಿನವಿಡೀ ಇನ್ನೊಬ್ಬರನ್ನು ಅನುಮಾನಿಸಿ ಅನ್ನ ಸಂಪಾದಿಸುವುದೇ? ಈ ಅಳುಕು ಸಹಜ. ಅದನ್ನು ತಳ್ಳಿಹಾಕದೆ ಯೋಚಿಸೋಣ.

ಲೆಡ್ಜರ್ ಪುಸ್ತಕಗಳ ಕಾಲದಲ್ಲಿ ತಿದ್ದಿದ ಅಂಕಿ ಕಣ್ಣಿಗೆ ಕಾಣುತ್ತಿತ್ತು. ಇಂದು ನಮ್ಮ ಉಳಿತಾಯ, ಚಿನ್ನದ ಸಾಲ, ಪಿಂಚಣಿ ಎಲ್ಲವೂ ಕಂಪ್ಯೂಟರಿನೊಳಗಿವೆ. ಪಾವತಿಯ ಆದೇಶ ಬರೆದವನೇ ಅದಕ್ಕೆ ಒಪ್ಪಿಗೆಯನ್ನೂ ಕೊಡಬಲ್ಲನೇ? ನಿವೃತ್ತರಾದವರ ಪಾಸ್‌ವರ್ಡ್ ರದ್ದಾಗಿದೆಯೇ? ಬಡ್ಡಿ ಲೆಕ್ಕದ ಪ್ರೋಗ್ರಾಂ ಬದಲಿಸಲು ಅನುಮತಿ ಕೊಟ್ಟವರು ಯಾರು? ಇವನ್ನು ದಾಖಲೆಗಳಿಂದ ಪರೀಕ್ಷಿಸುವುದೇ ಈ ಉದ್ಯೋಗ. ಇದಕ್ಕಾಗಿ 'ಸಿಸಾ' ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಿದೆ. ನಾಲ್ಕು ಗಂಟೆಗಳಲ್ಲಿ 150 ಪ್ರಶ್ನೆಗಳು. ಉತ್ತೀರ್ಣರಾದರಷ್ಟೇ ಸಾಲದು, ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಐದು ವರ್ಷಗಳ ಅನುಭವವೂ ಬೇಕು.

ಪರಿಶೋಧನೆ ಸಡಿಲವಾದರೆ ಏನಾಗುತ್ತದೆಂದು 2018ರ ಫೆಬ್ರವರಿಯಲ್ಲಿ ದೇಶವೇ ಕಂಡಿತು. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬಯಿಯ ಒಂದು ಶಾಖೆಯಿಂದ 'ಸ್ವಿಫ್ಟ್' ಸಂದೇಶ ಜಾಲದ ಮೂಲಕ ವಿದೇಶಿ ಶಾಖೆಗಳಿಗೆ ಖಾತರಿ ಪತ್ರಗಳು ಹೋಗಿದ್ದವು. ಬ್ಯಾಂಕಿನ ಮುಖ್ಯ ಲೆಕ್ಕದ ವ್ಯವಸ್ಥೆಯಲ್ಲಿ ಮಾತ್ರ ಅವು ದಾಖಲಾಗಿರಲಿಲ್ಲ. ಎರಡು ವ್ಯವಸ್ಥೆಗಳ ನಡುವೆ ಕೊಂಡಿಯಿರಲಿಲ್ಲ. ಮೊದಲು ಪ್ರಕಟವಾದ ಮೊತ್ತವೇ 11,000 ಕೋಟಿ ರೂಪಾಯಿಗೂ ಹೆಚ್ಚು. ಸ್ವಿಫ್ಟ್‌ನ ದುರ್ಬಳಕೆಯ ಅಪಾಯದ ಬಗ್ಗೆ 2016ರ ಆಗಸ್ಟ್‌ನಿಂದ ಕನಿಷ್ಠ ಮೂರು ಬಾರಿ ಬ್ಯಾಂಕುಗಳನ್ನು ಎಚ್ಚರಿಸಿದ್ದಾಗಿ ರಿಸರ್ವ್ ಬ್ಯಾಂಕ್ ಆಗ ಹೇಳಿತು. ಎಚ್ಚರಿಕೆಯ ಮಾತು ಇತ್ತು. ಅದು ಪಾಲನೆಯಾಗಿದೆಯೇ ಎಂದು ಹೋಗಿ ನೋಡುವ ಕಣ್ಣು ಸಾಲದಾಗಿತ್ತು.

'ಶೋಧನೆ' ಎಂಬ ನಮ್ಮ ಪದವನ್ನು ಗಮನಿಸಿರಿ. ಹುಡುಕಿ ನೋಡುವುದೂ ಶೋಧನೆ. ನಾವು ಪ್ರತಿದಿನ ದೇವರಲ್ಲಿ ದೂರವಿಡು ಎಂದು ಬೇಡುವ ಪ್ರಲೋಭನೆಯೂ ಶೋಧನೆಯೇ. ಹಣದ ಪೆಟ್ಟಿಗೆ, ಅದರ ಬೀಗದ ಕೈ, ಲೆಕ್ಕದ ಪುಸ್ತಕ ಮೂರನ್ನೂ ಒಬ್ಬನ ಕೈಗೇ ಕೊಟ್ಟು, "ನಿನ್ನ ಮೇಲೆ ನಂಬಿಕೆಯಿದೆ" ಎನ್ನುವುದು ಪ್ರೀತಿಯೇ? ಮಗಳ ಮದುವೆಯ ಸಾಲ, ಮನೆಯವರ ಕಾಯಿಲೆ, ಯಾವ ದಿನ ಯಾರ ಮನಸ್ಸು ಸಡಿಲವಾದೀತೆಂದು ಬಲ್ಲವರಾರು? ಬೀಗ ಇಬ್ಬರ ಕೈಯಲ್ಲಿದ್ದರೆ ಹಣವೂ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ. ತಪ್ಪು ನಡೆದಾಗ ನಿರಪರಾಧಿಯ ಹೆಸರನ್ನು ಕಾಪಾಡುವುದೂ ಅದೇ ದಾಖಲೆ.

ಸಂತ ಪೌಲರು ಜೆರುಸಲೇಮಿನ ಬಡವರಿಗಾಗಿ ಕೂಡಿಸಿದ ಕಾಣಿಕೆಯನ್ನು ತಾವೊಬ್ಬರೇ ನಿರ್ವಹಿಸಲಿಲ್ಲ; ಯಾರೂ ಬೆರಳು ತೋರದಂತೆ, ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡರು. ನಮ್ಮ ದೇವಾಲಯದ ಕಾಣಿಕೆಯನ್ನು ಇಬ್ಬರು ಕೂತು ಎಣಿಸಿದರೆ ಯಾರಿಗೂ ಅವಮಾನವಿಲ್ಲ.

ಹಾಗಾದರೆ ಈ ಕೆಲಸದಲ್ಲಿ ಅಪಾಯವಿಲ್ಲವೇ? ಇದೆ, ಅದು ಅನುಮಾನದಲ್ಲಿಲ್ಲ, ಮುಲಾಜಿನಲ್ಲಿದೆ. ನೋಡದೆಯೇ 'ನೋಡಿದೆ' ಎಂದು ಗುರುತು ಹಾಕುವುದು, ಮೇಲಧಿಕಾರಿಗೆ ಬೇಸರವಾದೀತೆಂದು ವರದಿಯ ಮಾತನ್ನು ತೆಳುವಾಗಿಸುವುದು, ಮುಂದಿನ ವರ್ಷದ ಗುತ್ತಿಗೆಗಾಗಿ ಸುಮ್ಮನಿರುವುದು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಎಂಟನೆಯ ಆಜ್ಞೆ ನಿಷೇಧಿಸುವ ಸುಳ್ಳುಸಾಕ್ಷಿಯನ್ನು ನ್ಯಾಯಾಲಯದಲ್ಲಿ ಮಾತ್ರವಲ್ಲ, ವರದಿಯ ಕೆಳಗಿನ ಸಹಿಯಲ್ಲೂ ನುಡಿಯಬಹುದು. ಇನ್ನೊಂದು ಅಪಾಯ ಅಹಂಕಾರ: ವ್ಯವಸ್ಥೆಯ ದೋಷವನ್ನು ತೋರಿಸಬೇಕಾದವರು ಮನುಷ್ಯನನ್ನು ಹೀನಾಯಗೊಳಿಸಿ ಸಂತೋಷಪಡುವುದು. ತೀರ್ಪು ನೀಡಬಾರದೆಂಬ ಮಾತು ಅನ್ವಯಿಸುವುದು ಅಲ್ಲಿ.

ಆದ್ದರಿಂದ ತಂದೆತಾಯಿಗಳೇ, ಮಗಳನ್ನು ತಡೆಯಬೇಡಿ. ಸಂಬಳ ಎಷ್ಟೆಂದು ಕೇಳುವ ಜೊತೆಗೆ ಇನ್ನೊಂದು ಮಾತನ್ನೂ ಕೇಳಿರಿ: "ಕಂಡದ್ದನ್ನು ಬರೆದ ಕಾರಣಕ್ಕೆ ಕೆಲಸ ಹೋದರೆ, ಮನೆಗೆ ಬರಲು ಹೆದರುವೆಯಾ?" ಆಕೆ ಹೆದರದಂತಿರಬೇಕಾದರೆ ಅವಳ ಹೆಸರಿನಲ್ಲಿ ದೊಡ್ಡ ಸಾಲದ ಭಾರ ಹೊರಿಸಬೇಡಿ, ಬಾಗಿಲು ತೆರೆದಿರಲಿ. ಠೇವಣಿಯಿಟ್ಟ ವಿಧವೆ ಆ ವರದಿಯನ್ನು ಎಂದೂ ಓದಲಾರಳು. ಆದರೆ ಅವಳ ಪರವಾಗಿ ನೋಡುವ ಕಣ್ಣು ನಿಮ್ಮ ಮಗಳದು.